ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಪುಡಿ

ತಮ್ಮಾ, ಆ ಪುಡಿಯ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ನನ್ನ ಮಾತು ಸ್ವಲ್ಪ ಕೇಳು. ಬಹಳ ವರ್ಷ ಮೆಡಿಕಲ್ ಸ್ಟೋರ್ ನಡೆಸಿದವನು ನಾನು. ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪು ಬೇಕಾದವರು ಬಾಗಿಲಲ್ಲೇ ನಿಂತು ಕೂಗಿ ಕೇಳುತ್ತಾರೆ. ನಿಮಿರದ ತೊಂದರೆ ಇರುವವರು ಹಾಗೆ ಕೇಳುವುದಿಲ್ಲ. ಇದ್ದ ಗಿರಾಕಿಗಳೆಲ್ಲ ಹೋಗುವ ತನಕ ಸೋಪು, ಪೇಸ್ಟು ತಿರುಗಿಸಿ ನೋಡುತ್ತ ನಿಂತಿರುತ್ತಾರೆ. ಆಮೇಲೆ ಹತ್ತಿರ ಬಂದು, ‘ನರದ ವೀಕ್‌ನೆಸ್‌ಗೆ ಏನಾದ್ರೂ ಇದೆಯಾ ಸಾರ್? ಇಂಗ್ಲಿಷ್ ಮಾತ್ರೆ ಬೇಡ, ಆಯುರ್ವೇದದ್ದೇ ಕೊಡಿ, ಸೈಡ್ ಎಫೆಕ್ಟ್ ಇರಬಾರದು’ ಅನ್ನುತ್ತಾರೆ. ಹೀಗೆ ಕೇಳಿದವರಲ್ಲಿ ಮದುವೆಯಾಗಿ ತಿಂಗಳಾಗದ ಹುಡುಗರಿದ್ದರು, ಮೊಮ್ಮಕ್ಕಳನ್ನು ಕಂಡವರಿದ್ದರು, ಮೇಷ್ಟ್ರುಗಳಿದ್ದರು, ಲಾರಿ ಡ್ರೈವರುಗಳಿದ್ದರು. ಹಾಗಾಗಿ ಇದು ನಿನ್ನೊಬ್ಬನಿಗೇ ಬಂದ ಕಷ್ಟ ಅನ್ನುವ ಭಾವನೆಯನ್ನು ಮೊದಲು ಬಿಡು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ವಿಚಾರಿಸಿದ ದೊಡ್ಡ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇಕಡಾ 52 ಮಂದಿಗೆ ಈ ತೊಂದರೆ ಒಂದಿಷ್ಟಾದರೂ ಇತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಜನ.

ನಿಮಿರು ದೌರ್ಬಲ್ಯ ಎಂದು ವೈದ್ಯರು ಕರೆಯುವ ಈ ತೊಂದರೆಗೆ ‘ನರ ವೀಕ್ ಆಗಿದೆ’ ಅನ್ನುವುದು ನಮ್ಮ ಜನರ ರೂಢಿ. ಹೆಚ್ಚಿನವರ ವಿಷಯದಲ್ಲಿ ನಡೆದಿರುವುದು ಬೇರೆಯೇ. ಮನಸ್ಸಿಗೆ ಆಸೆಯಾದಾಗ ಅಲ್ಲಿಯ ನರಗಳಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದರಿಂದ ನಾಳಗಳ ಗೋಡೆ ಸಡಿಲವಾಗುತ್ತದೆ, ರಕ್ತ ಒಳಗೆ ನುಗ್ಗುತ್ತದೆ, ಆ ಒತ್ತಡಕ್ಕೆ ಹೊರಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ದೇಹದಲ್ಲಿ ಈ ಅನಿಲ ಮಾಡುವ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಒಟ್ಟಿನಲ್ಲಿ ಇದು ರಕ್ತದ ಓಟಕ್ಕೆ ಸೇರಿದ ವಿಷಯ. ರಕ್ತನಾಳ ಕೆಡಿಸುವ ಯಾವ ಕಾಯಿಲೆಯಾದರೂ ಇಲ್ಲಿಗೂ ಬರುತ್ತದೆ.

ಮೊದಲು ಇಲ್ಲಿಗೇ ಬರುತ್ತದೆ ಎನ್ನುವುದನ್ನು ನೀನು ಮನಸ್ಸಿಟ್ಟು ಕೇಳಬೇಕು. ತೋಟಕ್ಕೆ ಹನಿ ನೀರಾವರಿ ಹಾಕಿದವರಿಗೆ ಗೊತ್ತು. ಬೋರಿನ ನೀರಿನಲ್ಲಿ ಸುಣ್ಣದಂಶ ಇದ್ದರೆ ದೊಡ್ಡ ಪೈಪು ಕಟ್ಟುವುದಕ್ಕೆ ಎಷ್ಟೋ ಮುಂಚೆ ಸಣ್ಣ ತೂತಿನ ಡ್ರಿಪ್ಪರು ಕಟ್ಟಿರುತ್ತದೆ. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ 1ರಿಂದ 2 ಮಿಲಿಮೀಟರ್, ಹೃದಯಕ್ಕೆ ಒಯ್ಯುವುದು 3ರಿಂದ 4. ಕೊಬ್ಬು ಕಟ್ಟಿಕೊಂಡರೆ ಯಾವುದು ಮೊದಲು ಸೋಲುತ್ತದೆ ಎಂದು ನೀನೇ ಹೇಳು. ಎಷ್ಟೋ ಜನರಲ್ಲಿ ಈ ತೊಂದರೆ ಕಾಣಿಸಿಕೊಂಡು ಎರಡರಿಂದ ಐದು ವರ್ಷದೊಳಗೆ ಎದೆನೋವು, ಹೃದಯಾಘಾತ ಬಂದಿರುವುದನ್ನು ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಆ ವರ್ಷಗಳನ್ನು ಒಬ್ಬ ಮನುಷ್ಯ ಬೇರಿನ ಪುಡಿಯನ್ನು ಹಾಲಿಗೆ ಕಲಸಿ ಕುಡಿಯುತ್ತ ಕಳೆದುಬಿಟ್ಟರೆ ಜೀವ ಉಳಿಸಿಕೊಳ್ಳುವ ಕಾಲವನ್ನೇ ಕಳೆದುಕೊಂಡ ಹಾಗೆ. ನನಗೆ ಪುಡಿಯ ಮೇಲೆ ಇರುವ ದೊಡ್ಡ ತಕರಾರು ಇದು. ಪುಡಿಯಿಂದ ಗುಣವಾಗದಿದ್ದರೆ ಹಣ ಹೋಯಿತು ಅಂದುಕೊಳ್ಳಬಹುದು, ಹೋದ ಕಾಲವನ್ನು ತರುವುದು ಹೇಗೆ?

ಆದ್ದರಿಂದ ಏನನ್ನೂ ನುಂಗುವ ಮೊದಲು ಸಕ್ಕರೆ ನೋಡಿಸು. ಖಾಲಿ ಹೊಟ್ಟೆಯದ್ದು ಮಾತ್ರ ಸಾಲದು, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಕೂಡ ಮಾಡಿಸು. ಬಿಪಿ, ಕೊಲೆಸ್ಟ್ರಾಲ್ ನೋಡಿಸು. ವೈದ್ಯರು ಬೇಕೆಂದರೆ ಥೈರಾಯ್ಡ್ ಮತ್ತು ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ನೋಡಿಸುತ್ತಾರೆ. ಶುಗರ್ ಇರುವವರಿಗೆ ಈ ತೊಂದರೆ ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮುಂಚೆಯೇ ಬರುತ್ತದೆ. ತನಗೆ ಶುಗರ್ ಇದೆ ಎನ್ನುವುದೇ ಈ ದಾರಿಯಿಂದ ಗೊತ್ತಾದವರೂ ಇದ್ದಾರೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ, ಯಾಕೆ ಮಾಡಿಸುತ್ತಿದ್ದೀಯ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸು. ಬಿಪಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಕೂದಲು ಉದುರದಿರಲೆಂದು ನುಂಗುವ ಫಿನಾಸ್ಟರೈಡ್, ಇವುಗಳಿಂದಲೂ ಹೀಗಾಗುವುದುಂಟು. ಹಾಗೆಂದು ನೀನಾಗಿಯೇ ನಿಲ್ಲಿಸಬೇಡ. ಕೇಳಿದರೆ ಬದಲಿ ಮಾತ್ರೆ ಬರೆದುಕೊಡುತ್ತಾರೆ.

ಇನ್ನು ಕೆಲವರಲ್ಲಿ ನಾಳವೂ ಚೆನ್ನಾಗಿರುತ್ತದೆ, ರಕ್ತವೂ ಚೆನ್ನಾಗಿರುತ್ತದೆ. ಬೆಳಗಿನ ಜಾವ ಎದ್ದಾಗ ಎಲ್ಲ ಸರಿಯಾಗಿದ್ದು, ಹೆಂಡತಿಯ ಹತ್ತಿರ ಹೋದಾಗ ಮಾತ್ರ ಕೈಕೊಡುತ್ತಿದ್ದರೆ ಹೆಚ್ಚಾಗಿ ಅದು ಅಂಜಿಕೆಯ ಕೆಲಸ. ಮದುವೆಯ ಓಡಾಟದಲ್ಲಿ ಮೂರು ದಿನ ನಿದ್ದೆಗೆಟ್ಟು, ಗುರುತೇ ಇಲ್ಲದ ಹುಡುಗಿಯ ಜೊತೆ ಒಂದು ಕೋಣೆಯಲ್ಲಿ, ಹೊರಗೆ ನೆಂಟರ ಗದ್ದಲ ಕೇಳಿಸುತ್ತಿರುವಾಗ ಎಲ್ಲವೂ ಸರಿಯಾಗಿ ಆಗಲಿ ಅಂದರೆ ಹೇಗೆ? ಒಂದು ಸಲ ಆಗಲಿಲ್ಲ ಎಂದು ಎರಡನೆಯ ಸಲಕ್ಕೆ ಹೆದರಿಕೆ, ಆ ಹೆದರಿಕೆಯಿಂದಲೇ ಮೂರನೆಯ ಸೋಲು. ಇದರ ಜೊತೆಗೆ ಹುಡುಗರ ತಲೆಯಲ್ಲಿ ಧಾತು ನಷ್ಟದ ಭಯವನ್ನು ತುಂಬಿರುತ್ತಾರೆ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು, ಹದಿಹರೆಯದಲ್ಲಿ ಹಾಳು ಮಾಡಿಕೊಂಡಿದ್ದಕ್ಕೆ ಈಗ ಅನುಭವಿಸುತ್ತಿದ್ದೇನೆ ಅನ್ನುವ ನಂಬಿಕೆ ಇದು. ದೇಹಶಾಸ್ತ್ರದಲ್ಲಿ ಇದಕ್ಕೆ ಆಧಾರವೇ ಇಲ್ಲ. ಈ ಭಯದಿಂದಲೇ ಕುಗ್ಗಿಹೋಗುವ ಗಂಡಸರನ್ನು ಗಮನಿಸಿ ಎನ್.ಎನ್. ವಿಗ್ ಎಂಬ ನಮ್ಮ ದೇಶದ ಮನೋವೈದ್ಯರು 1960ರಲ್ಲಿ ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅಂಥವರಿಗೆ ಬೇಕಾದ ಮದ್ದು ಮಾತು. ಅವರ ಕೈಗೆ ಬಂದು ಸೇರುವುದು ಮಾತ್ರ ಧಾತುಪುಷ್ಟಿ ಲೇಹ್ಯ.

ಆಯುರ್ವೇದವನ್ನು ಹಳಿಯಲು ನಾನು ಕುಳಿತಿಲ್ಲ. ಅದರ ಎಂಟು ಅಂಗಗಳಲ್ಲಿ ಕಾಮಶಕ್ತಿಗೆ ಸಂಬಂಧಿಸಿದ ವಾಜೀಕರಣವೂ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನ ಮೊದಲ ಅಧ್ಯಾಯವಾದರೆ ವಾಜೀಕರಣ ಎರಡನೆಯದು. ಉದ್ದು, ಹಾಲು, ತುಪ್ಪ, ಶತಾವರಿ ಎಲ್ಲ ಅಲ್ಲಿ ಬರುತ್ತವೆ. ಆದರೆ ಅದೇ ಗ್ರಂಥ ಕ್ಲೈಬ್ಯವನ್ನು, ಅಂದರೆ ಷಂಡತನವನ್ನು, ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ, ಮುಪ್ಪಿನಿಂದ ಬರುವುದನ್ನು ಬೇರೆಯಾಗಿಯೇ ಎಣಿಸುತ್ತದೆ. ಕಾರಣ ಯಾವುದು ಎಂದು ನೋಡದೆ ಎಲ್ಲರಿಗೂ ಒಂದೇ ಡಬ್ಬಿ ಕೊಡು ಎಂದು ಚರಕನೂ ಹೇಳಿಲ್ಲ. ಓದಿದ ಆಯುರ್ವೇದ ವೈದ್ಯರ ಹತ್ತಿರ ಹೋಗಿ ನೋಡು. ಜೀರ್ಣ ಹೇಗಿದೆ, ನಿದ್ದೆ ಹೇಗಿದೆ, ಕುಡಿತ ಇದೆಯಾ, ಶುಗರ್ ನೋಡಿಸಿದ್ದೀಯಾ ಎಂದೇ ಅವರು ಶುರುಮಾಡುತ್ತಾರೆ. ಒಂದು ಪ್ರಶ್ನೆಯನ್ನೂ ಕೇಳದೆ ಡಬ್ಬಿ ಚಾಚುವವನು ಯಾವ ಪದ್ಧತಿಯ ವೈದ್ಯನೂ ಅಲ್ಲ.

ಗಿಡಮೂಲಿಕೆಗಳ ವಿಷಯ ಒಂದೊಂದಾಗಿ ಹೇಳುತ್ತೇನೆ. ಅಶ್ವಗಂಧ, ನಮ್ಮ ಹಳ್ಳಿಯವರ ಹಿರೇಮದ್ದಿನ ಗಿಡ, ಈಗ ಎಲ್ಲರ ಬಾಯಲ್ಲೂ ಇದೆ. ಮನಸ್ಸಿನ ಒತ್ತಡ ಸ್ವಲ್ಪ ತಗ್ಗುತ್ತದೆ ಎನ್ನುವುದಕ್ಕೆ ಕೆಲವು ಅಧ್ಯಯನಗಳ ಬೆಂಬಲ ಉಂಟು. ಆದರೆ ಅಂಜಿಕೆಯಿಂದ ನಿಮಿರದಿರುವ ತೊಂದರೆಗೇ ಇದನ್ನು ಕೊಟ್ಟು ನೋಡಿದವರು ಜಾಮ್‌ನಗರದ ಗುಜರಾತ್ ಆಯುರ್ವೇದ ವಿಶ್ವವಿದ್ಯಾಲಯದವರು. ಅವರ ವರದಿ 2011ರಲ್ಲಿ ಬಂತು. ಕೆಲವರಿಗೆ ಅಶ್ವಗಂಧದ ಪುಡಿ, ಕೆಲವರಿಗೆ ಬರೀ ಗೋಧಿಯ ಪುಡಿ. ಎರಡು ಗುಂಪಿನವರೂ ಸ್ವಲ್ಪ ಸ್ವಲ್ಪ ಸುಧಾರಿಸಿದರು, ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆಯುರ್ವೇದದವರೇ ಪ್ರಾಮಾಣಿಕವಾಗಿ ನಡೆಸಿ, ಬಂದ ಫಲವನ್ನು ಮುಚ್ಚಿಡದೆ ಹೇಳಿದರಲ್ಲ, ಅವರ ಮೇಲೆ ನನಗೆ ಬಹಳ ಗೌರವ. ಗೋಧಿ ಹಿಟ್ಟು ತಿಂದವನಿಗೂ ಗುಣ ಕಂಡಿತು ಅಂದರೆ, ಮದ್ದು ಸಿಕ್ಕಿತು ಎಂಬ ಧೈರ್ಯವೇ ಅರ್ಧ ಕೆಲಸ ಮಾಡುತ್ತದೆ ಎಂದಾಯಿತು. ಪಕ್ಕದ ಮನೆಯವನಿಗೆ ಗುಣವಾಯಿತಂತೆ ಎನ್ನುವ ಮಾತನ್ನೂ ಇದರ ಬೆಳಕಿನಲ್ಲಿ ತೂಗಿ ನೋಡು. ಅಶ್ವಗಂಧದಿಂದ ಕೆಲವರಿಗೆ ಯಕೃತ್ತು ಊದಿ ಕಾಮಾಲೆ ಬಂದಿರುವುದೂ ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಥೈರಾಯ್ಡ್ ಮಾತ್ರೆ ನುಂಗುವವರು ಕೇಳದೆ ಮುಟ್ಟಬಾರದು. ಡೆನ್ಮಾರ್ಕ್ ದೇಶ 2023ರಲ್ಲಿ ಅದನ್ನು ನಿಷೇಧಿಸಿಯೇಬಿಟ್ಟಿತು.

ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಎಂಬ ಸತ್ವ ನಿಜಕ್ಕೂ ಇದೆ. ಅದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧ. ನಸುಗುನ್ನಿಯಿಂದ ವೀರ್ಯಾಣುಗಳ ಸಂಖ್ಯೆ ಹೆಚ್ಚಿತು ಎಂದು ಲಖನೌದ ವೈದ್ಯರು ವರದಿ ಮಾಡಿದ್ದಾರೆ. ಆದರೆ ವೀರ್ಯಾಣು ಹೆಚ್ಚುವುದು ಬೇರೆ, ನಿಮಿರುವುದು ಬೇರೆ. ಮಾರುವವರು ಎರಡನ್ನೂ ‘ಪುರುಷಶಕ್ತಿ’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ನೆಗ್ಗಿಲ ಮುಳ್ಳು, ಬಿಳಿ ಮುಸಲಿ, ಶಿಲಾಜಿತು ಎಲ್ಲಕ್ಕೂ ಹೊಗಳಿಕೆ ಇರುವಷ್ಟು ಪುರಾವೆ ಇಲ್ಲ. ಕೊರಿಯಾದ ಜಿನ್ಸೆಂಗ್ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯವರು 2021ರಲ್ಲಿ ಸೇರಿಸಿ ನೋಡಿದಾಗ ಲಾಭ ತೀರಾ ಅಲ್ಪ ಎಂದು ಕಂಡಿತು. ಆಫ್ರಿಕಾದ ಯೋಹಿಂಬೆ ಮರದ ತೊಗಟೆಯಲ್ಲಿ ಒಂದಿಷ್ಟು ಗುಣವಿದೆ, ಅದರ ಹಿಂದೆಯೇ ಬಿಪಿ ಏರುವುದು, ಎದೆ ಡವಗುಟ್ಟುವುದು, ಕಳವಳ. ಬಿಪಿ ಇರುವವನಿಗೆ ಅದು ಬೇಡವೇ ಬೇಡ.

ಕಾಮಿನಿ ಗುಳಿಗೆ ಎಂದು ಕರೆಯುವ ಕಾಮಿನೀ ವಿದ್ರಾವಣ ರಸದಲ್ಲಿ ಅಫೀಮು ಇರುತ್ತದೆ. ಬೇಗ ಸ್ಖಲನವಾಗದ ಹಾಗೆ ತಡೆಯುವುದು ಆ ಅಫೀಮೇ. ದಿನಾ ನುಂಗಿ ಚಟಕ್ಕೆ ಬಿದ್ದು, ಬಿಡಲಾಗದೆ ಆಸ್ಪತ್ರೆ ಸೇರಿದವರಿದ್ದಾರೆ. ಭಸ್ಮ ಸೇರಿದ ಔಷಧವಾದರೆ ಇನ್ನೂ ಜೋಪಾನ. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದು 2004ರಲ್ಲಿ ಪ್ರಕಟವಾಯಿತು. ಮೂತ್ರಪಿಂಡಕ್ಕೆ ಇವುಗಳ ಹೊಡೆತ ತಡವಾಗಿ ಗೊತ್ತಾಗುತ್ತದೆ. ಉಡದ ಎಣ್ಣೆ, ಉಡದ ಮಾಂಸ ಅನ್ನುವವರ ಹತ್ತಿರ ಸುಳಿಯಲೇ ಬೇಡ. ಹೊರಗೆ ಸವರಿದ ಎಣ್ಣೆಯಿಂದ ಒಳಗಿನ ನಾಳ ತೆರೆಯುವುದಿಲ್ಲ. ವನ್ಯಜೀವಿ ಕಾಯ್ದೆ ಕಾಪಾಡುತ್ತಿರುವ ಆ ಬಡ ಪ್ರಾಣಿಯನ್ನು ಕೊಂದು ಮಾಡಿದ ಎಣ್ಣೆ ಅದು, ಸಿಕ್ಕಿಬಿದ್ದರೆ ಜೈಲು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಕೆಲಸ ಮಾಡದ ಪುಡಿಗಿಂತ ತಟ್ಟನೆ ಕೆಲಸ ಮಾಡುವ ಪುಡಿಗೆ ನೀನು ಹೆಚ್ಚು ಹೆದರಬೇಕು. ಬೇರಿಗೆ, ಸೊಪ್ಪಿಗೆ, ಬೀಜಕ್ಕೆ ಗುಣವಿದ್ದರೂ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಬರುವಂಥದ್ದು. ‘ಶುದ್ಧ ಗಿಡಮೂಲಿಕೆ’ ಎಂದು ಬರೆದ ಕ್ಯಾಪ್ಸೂಲನ್ನು ರಾತ್ರಿ ಊಟಕ್ಕೆ ಮುಂಚೆ ನುಂಗಿ, ಅರ್ಧ ಗಂಟೆಯಲ್ಲಿ ಮುಖ ಬಿಸಿಯಾಗಿ, ಮೂಗು ಕಟ್ಟಿ, ತಲೆ ಸ್ವಲ್ಪ ನೋಯುತ್ತ, ಇಷ್ಟು ದಿನ ಆಗದಿದ್ದದ್ದು ಆಗಿಬಿಟ್ಟರೆ ಒಳಗಿರುವುದು ಸಿಲ್ಡೆನಾಫಿಲ್ ಅಥವಾ ಅದರ ದಾಯಾದಿ ಎಂದು ತಿಳಿ. 1998ರ ಮಾರ್ಚ್‌ನಲ್ಲಿ ವಯಾಗ್ರ ಹೆಸರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧವೇ ಅದು. ಪುಡಿಗೆ ಕದ್ದು ಬೆರೆಸುತ್ತಾರೆ. ಬೆರಕೆಯಾಗಿ ಸಿಕ್ಕಿಬಿದ್ದ ಆಹಾರಪೂರಕಗಳ ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ 2007ರಿಂದ 2016ರವರೆಗೆ 776 ಹೆಸರುಗಳಿದ್ದವು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಮಶಕ್ತಿಯ ಹೆಸರಿನಲ್ಲಿ ಮಾರಿದಂಥವು, ಅವುಗಳಲ್ಲಿ ಹೆಚ್ಚಾಗಿ ಸಿಕ್ಕ ಬೆರಕೆ ಸಿಲ್ಡೆನಾಫಿಲ್.

ಬೆರಕೆಯಾದರೇನು, ಕೆಲಸ ಆಯಿತಲ್ಲ ಎಂದು ನೀನು ಕೇಳಬಹುದು. ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಮ್ಮ ಮನೆಗಳಲ್ಲೆಲ್ಲ ಕಂಡಿದ್ದೀಯ. ಅದು ನೈಟ್ರೇಟ್ ಜಾತಿಯದ್ದು. ಸಿಲ್ಡೆನಾಫಿಲ್ ಮೈಯಲ್ಲಿರುವಾಗ ಅದು ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವವೇ ಹೋಗಬಹುದು. ಗೊತ್ತಿದ್ದು ಸಿಲ್ಡೆನಾಫಿಲ್ ನುಂಗಿದವನು ಡಾಕ್ಟರಿಗೆ ಹೇಳುತ್ತಾನೆ, ಅವರು ನೈಟ್ರೇಟ್ ಕೊಡುವುದಿಲ್ಲ. ತಾನು ತಿಂದಿದ್ದು ಬರೀ ಬೇರಿನ ಪುಡಿ ಎಂದು ನಂಬಿದವನು ಏನೆಂದು ಹೇಳಬೇಕು? ಬೆರಕೆ ಸಿಲ್ಡೆನಾಫಿಲ್ ಒಂದೇ ಆಗಿರಬೇಕೆಂದೂ ಇಲ್ಲ. ಸಿಂಗಪುರದಲ್ಲಿ 2008ರ ಮೊದಲ ಐದು ತಿಂಗಳಲ್ಲಿ ಸುಮಾರು 150 ಗಂಡಸರು ಸಕ್ಕರೆ ಅಂಶ ಪಾತಾಳಕ್ಕಿಳಿದು ಆಸ್ಪತ್ರೆ ಸೇರಿದರು. ಅವರಿಗೆ ಮಧುಮೇಹವೇ ಇರಲಿಲ್ಲ. ಕದ್ದು ಮಾರುತ್ತಿದ್ದ ಕಾಮೋತ್ತೇಜಕಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯ ಔಷಧ ಬೆರೆತಿತ್ತು. ಏಳು ಮಂದಿ ಕೋಮಾದಲ್ಲೇ ಉಳಿದರು, ನಾಲ್ವರು ತೀರಿಕೊಂಡರು. ಅವರಿಗೂ ಹೆಂಡತಿ ಮಕ್ಕಳು ಇದ್ದಿರಬೇಕು.

ನಮ್ಮ ಬೆಂಗಳೂರಿನದೇ ಸಂಗತಿ ಕೇಳು. 2025ರ ನವೆಂಬರ್‌ನಲ್ಲಿ ಸಾಫ್ಟ್‌ವೇರ್ ಕೆಲಸದ ಯುವಕನೊಬ್ಬ ಪೊಲೀಸರಿಗೆ ದೂರು ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇದೇ ತೊಂದರೆಗೆ ರಸ್ತೆ ಬದಿಯ ಟೆಂಟಿನವರನ್ನು ನಂಬಿ, ಅವರ ಮದ್ದಿಗೆ ಗ್ರಾಮಿಗೆ ಲಕ್ಷಕ್ಕೂ ಮೀರಿದ ಬೆಲೆ ತೆತ್ತು, ಸಾಲ ಮಾಡಿ, ಒಟ್ಟು ಸುಮಾರು 48 ಲಕ್ಷ ಕಳೆದುಕೊಂಡಿದ್ದ. ಗುಣವಾಗಲಿಲ್ಲ, ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದು ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು ಎಂದು ದೂರಿನಲ್ಲಿತ್ತು. ಆ ಸುದ್ದಿಯಲ್ಲಿ ನನ್ನನ್ನು ಬಹಳ ಕಾಡಿದ್ದು ಹಣದ ಲೆಕ್ಕವಲ್ಲ. ನಗದು ಹಣವನ್ನೇ ಕೊಟ್ಟು ಕೊಳ್ಳಬೇಕು, ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಬಾರದು, ಹೋದರೆ ಮದ್ದಿನ ಶಕ್ತಿ ಹೋಗುತ್ತದೆ ಎಂದು ಹೇಳಿದ್ದರಂತೆ. ಓದಿದ, ದುಡಿಯುವ ಹುಡುಗ ಹೀಗೆ ಮತ್ತೆ ಮತ್ತೆ ಒಬ್ಬನೇ ಹೋಗಿ ಹಣ ಸುರಿದು ಬಂದ. ಈ ವ್ಯಾಪಾರ ನಿಂತಿರುವುದೇ ನಮ್ಮ ನಾಚಿಕೆಯ ಮೇಲೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತರೋಗ’ ಎಂದು ಬರೆದು, ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಸಿಗುತ್ತೇವೆ ಎಂದು ಚೀಟಿ ಅಂಟಿಸುವವರ ಬಂಡವಾಳವೂ ಅದೇ. ಮೋಸ ಹೋದವನು ನಾಲ್ಕು ಜನರ ಮುಂದೆ ಬಾಯಿ ಬಿಡಲಾರ ಎಂದು ಅವರಿಗೆ ಗೊತ್ತು. ಕಾಮಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಈ ದೇಶದಲ್ಲಿ 1954ರ ಕಾಯ್ದೆಯ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು. ಆ ಚೀಟಿಯವರು ಈಗ ಗೋಡೆಯಿಂದ ಇಳಿದು ಮೊಬೈಲಿಗೆ ಬಂದಿದ್ದಾರೆ. ಕಾನೂನು ಇದ್ದೂ ಇಷ್ಟು ಧೈರ್ಯವಾಗಿ ಮಾರುತ್ತಾರಲ್ಲ ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಮಾತ್ರೆಯಿಲ್ಲದೆ ಆಗುವ ದಾರಿ ಯಾವುದೂ ಇಲ್ಲವೇ? ಇದೆ, ಆದರೆ ಅದನ್ನು ಡಬ್ಬಿಯಲ್ಲಿ ಹಾಕಿ ಮಾರಲು ಬರುವುದಿಲ್ಲ. ಇಟಲಿಯಲ್ಲಿ ಬೊಜ್ಜು ಬಂದ, ಈ ತೊಂದರೆ ಇದ್ದ 110 ಗಂಡಸರನ್ನು ತೆಗೆದುಕೊಂಡು, ಅರ್ಧ ಜನರಿಗೆ ಊಟ ಮತ್ತು ವ್ಯಾಯಾಮವನ್ನು ಕಟ್ಟುನಿಟ್ಟಾಗಿ ಕಲಿಸಿ ಎರಡು ವರ್ಷ ನೋಡಿದರು. ಆ ಅರ್ಧದಲ್ಲಿ ಮೂರರಲ್ಲೊಬ್ಬನಿಗೆ ಶಕ್ತಿ ಮೊದಲಿನಂತಾಯಿತು ಎಂದು 2004ರ ವರದಿ ಹೇಳುತ್ತದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಲವತ್ತು ನಿಮಿಷ ಬೆವರು ಬರುವ ಹಾಗೆ ಬೀಸುನಡಿಗೆ ಹಾಕು, ಆರು ತಿಂಗಳು ಬಿಡದೆ. ಇನ್ನೊಂದು ಸಾಧನೆ ಉಂಟು. ಮೂತ್ರ ಹೋಗುವಾಗ ನಡುವೆ ತಡೆದರೆ ಯಾವ ಸ್ನಾಯು ಬಿಗಿಯಾಗುತ್ತದೆ ಎಂದು ಒಮ್ಮೆ ಗುರುತು ಮಾಡಿಕೋ. ಆಮೇಲೆ ಕೂತಾಗ, ನಿಂತಾಗ, ಮಲಗಿದಾಗ ಆ ಸ್ನಾಯುವನ್ನು ಐದಾರು ಸೆಕೆಂಡು ಬಿಗಿ ಹಿಡಿದು ಬಿಡು, ದಿನಾ ಕೆಲವು ಸುತ್ತು. ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಇಂಗ್ಲೆಂಡಿನಲ್ಲಿ 55 ಗಂಡಸರಿಗೆ ಇದನ್ನು ಹೇಳಿಕೊಟ್ಟು ಆರು ತಿಂಗಳು ಕಳೆದಾಗ ಅವರಲ್ಲಿ ಶೇಕಡಾ 40 ಜನ ಪೂರ್ತಿ ಸರಿಹೋಗಿದ್ದರು. ಖರ್ಚು ಒಂದು ಪೈಸೆ ಇಲ್ಲ. ಬೀಡಿ, ಸಿಗರೇಟು, ಗುಟ್ಕಾ ರಕ್ತನಾಳವನ್ನು ನೇರವಾಗಿ ಕೆಡಿಸುತ್ತವೆ, ಅವನ್ನು ಬಿಡದೆ ಬೇರೇನು ಮಾಡಿದರೂ ಅರ್ಧಂಬರ್ಧ. ‘ಧೈರ್ಯಕ್ಕೆ’ ಎಂದು ಹಾಕುವ ಪೆಗ್ಗೂ ಹಾಗೆಯೇ, ಆಸೆ ಏರಿಸಿ ಕೆಲಸ ಕೆಡಿಸುತ್ತದೆ.

ಇಂಗ್ಲಿಷ್ ಮಾತ್ರೆ ಎಂದರೆ ಹೆದರುವವರಿಗೂ ಒಂದು ಮಾತು. ಡಾಕ್ಟರ್ ನೋಡಿ, ಎದೆ ಪರೀಕ್ಷಿಸಿ, ಬರೆದುಕೊಟ್ಟ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಹೆಚ್ಚಿನವರಿಗೆ ಸುರಕ್ಷಿತ. ಎಷ್ಟು ಮಿಲಿಗ್ರಾಂ ಇದೆ ಎಂದು ಪಟ್ಟಿಯ ಮೇಲೆ ಬರೆದಿರುತ್ತದೆ, ಅದೇ ಅದರ ದೊಡ್ಡ ಗುಣ. ಚೀಟಿ ಇಲ್ಲದೆ ಕೊಂಡು ನುಂಗಬೇಡ, ಗೆಳೆಯ ಕೊಟ್ಟ ಅರ್ಧ ಮಾತ್ರೆಯೂ ಬೇಡ. ಅಂಜಿಕೆಯೇ ಮುಖ್ಯವಾದರೆ ಮನೋವೈದ್ಯರ ಹತ್ತಿರ ಹೋಗು. ಅಷ್ಟು ದೂರ ಹೋಗಲು ಮನಸ್ಸು ಬರದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಹೆಂಡತಿಗೆ ಹೇಳಿದ್ದೀಯಾ? ಗಂಡ ತನ್ನಿಂದ ದೂರ ಮಲಗುತ್ತಿದ್ದಾನೆ, ತಾನು ಬೇಡವಾದೆನೇನೋ, ಬೇರೆ ಯಾರಾದರೂ ಇದ್ದಾರೇನೋ ಎಂದು ಅವಳು ಒಳಗೊಳಗೇ ಕೊರಗುತ್ತಿರಬಹುದು. ನಿನ್ನ ಕಷ್ಟ ತಿಳಿದರೆ ಆ ಕೊರಗಾದರೂ ತೀರುತ್ತದೆ. ವಾಜೀಕರಣಗಳಲ್ಲೆಲ್ಲ ಶ್ರೇಷ್ಠವಾದದ್ದು ಮನಸ್ಸಿಗೆ ಒಪ್ಪಿದ ಸಂಗಾತಿಯೇ ಎಂದು ಚರಕ ಹೇಳಿದ್ದಾನೆ, ಪುಡಿ ಮಾರುವವರು ಆ ಭಾಗವನ್ನು ಹೇಳುವುದಿಲ್ಲ. ಕೆಲವು ವಾರ ‘ಆಗಲೇಬೇಕು’ ಎಂಬ ಹಟ ಬಿಟ್ಟು ಸುಮ್ಮನೆ ಜೊತೆಗಿರಿ, ಮಾತಾಡಿ, ಮುಟ್ಟಿ, ಅಷ್ಟಕ್ಕೇ ನಿಲ್ಲಿಸಿ. ಲೈಂಗಿಕ ಚಿಕಿತ್ಸೆಯವರು ದಂಪತಿಗಳಿಗೆ ಮೊದಲು ಹೇಳಿಕೊಡುವುದೇ ಇದನ್ನು. ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ ಸಿಕ್ಕರೆ ಇಬ್ಬರೂ ಓದಿ. ಸ್ವತಃ ಡಾಕ್ಟರಾಗಿದ್ದವರು, ಮುಚ್ಚುಮರೆ ಇಲ್ಲದೆ ಕನ್ನಡದಲ್ಲೇ ಬರೆದರು.

ಇದುವರೆಗೆ ತಿಂದ ಪುಡಿ, ಲೇಹ್ಯ, ಕ್ಯಾಪ್ಸೂಲು ಏನೇ ಇರಲಿ, ಎಸೆಯಬೇಡ. ಡಬ್ಬಿ ಸಮೇತ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮೇಜಿನ ಮೇಲಿಡು, ಮಾತು ಶುರುಮಾಡಲು ನಾಚಿಕೆಯಾದರೆ ಅದೇ ನಿನ್ನ ಪರವಾಗಿ ಶುರುಮಾಡುತ್ತದೆ. ತಿಂದ ದಿನ, ಮರುದಿನ ಎದೆ ನೋವು ಬಂದರೆ ಮನೆಯಲ್ಲಿ ಯಾರೂ ಸಾರ್ಬಿಟ್ರೇಟ್ ಕೊಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ, ಇಂಥದ್ದನ್ನು ತಿಂದಿದ್ದೇನೆ ಎಂದು ಬಾಗಿಲಲ್ಲೇ ಹೇಳು. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡ, ತಡವಾದರೆ ಅಲ್ಲಿಯ ಅಂಗಾಂಶ ಶಾಶ್ವತವಾಗಿ ಹಾಳಾಗುತ್ತದೆ, ಅದೇ ರಾತ್ರಿ ಹೊರಡು. ಜೊತೆಗೆ ಬರಲು ಯಾರೂ ಇಲ್ಲ ಅನ್ನಿಸಿದರೆ ನನಗೆ ಹೇಳು, ನಾನು ಬರುತ್ತೇನೆ.